ಯಾವ ಮಾಹಿತಿಗೆ ಯಾರನ್ನು ಕೇಳಬೇಕು? ಊರಿನ ಗ್ರಂಥಾಲಯದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯ ಗ್ರಂಥಾಲಯಕ್ಕೆ ಬರುವವರೆಲ್ಲ ಪುಸ್ತಕ ಕೇಳಿಕೊಂಡು ಬರುವುದಿಲ್ಲ. ಒಬ್ಬರಿಗೆ ಮೊಬೈಲಿಗೆ ಬಂದ ಸುದ್ದಿ ನಿಜವಾ ಅಂತ ಗೊತ್ತಾಗಬೇಕು. ಇನ್ನೊಬ್ಬರಿಗೆ ಅಟ್ಟದಲ್ಲಿ ಸಿಕ್ಕ ಓಲೆಗರಿ ಕಟ್ಟನ್ನು ಏನು ಮಾಡಬೇಕು ಅಂತ ತಿಳಿಯಬೇಕು. ಕಾಲೇಜು ಹುಡುಗಿಗೆ ಅಜ್ಜಿಯ ಹಾಡು ಬರೆದಿಡುವ ಆಸೆ. ಹೀಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪುಸ್ತಕ, ಪತ್ರಿಕೆ, ರೇಡಿಯೊ, ಸರ್ಕಾರಿ ದಾಖಲೆ, ಊರಿನ ಹಿರಿಯರು, ಎಲ್ಲವೂ ಮಾಹಿತಿಯ ಮೂಲಗಳೇ. ಇವುಗಳಲ್ಲಿ ಯಾವುದೂ ಕೀಳಲ್ಲ. ಆದರೆ ಒಬ್ಬರನ್ನು ಕೇಳಬೇಕಾದ್ದನ್ನು ಇನ್ನೊಬ್ಬರ ಹತ್ತಿರ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಮೊಬೈಲ್‌ನಲ್ಲೇ ಎಲ್ಲ ಸಿಗುತ್ತದಲ್ಲ, ಗ್ರಂಥಾಲಯ ಯಾಕೆ ಬೇಕು?

ಯಾರಾದರೂ ಹಾಕಿದ್ದು ಮಾತ್ರ ಮೊಬೈಲ್‌ನಲ್ಲಿ ಸಿಗುತ್ತದೆ. ಕನ್ನಡದಲ್ಲಿ ಹಾಕದೇ ಉಳಿದಿರುವುದೇ ಜಾಸ್ತಿ. ನಿಮ್ಮ ತಾಲ್ಲೂಕಿನ ಹಳೆಯ ವಾರಪತ್ರಿಕೆ, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಜಿಲ್ಲಾ ಗ್ಯಾಸೆಟಿಯರ್, ಇವುಗಳಲ್ಲಿ ಹೆಚ್ಚಿನವು ಕಾಗದದ ಮೇಲೆಯೇ ಇವೆ. ನಿಮ್ಮ ಊರಿನ ಕೆರೆ ಯಾವ ವರ್ಷ ಒಡೆಯಿತು ಅನ್ನುವುದು ಅಂಥ ಒಂದು ಸ್ಮರಣ ಸಂಚಿಕೆಯ ಲೇಖನದಲ್ಲಿ ಇರಬಹುದು. ಎಷ್ಟು ಗೂಗಲ್ ಮಾಡಿದರೂ ಅದು ಸಿಗುವುದಿಲ್ಲ.

ಇನ್ನೊಂದು ಮಾತಿದೆ. ಗ್ರಂಥಾಲಯದಲ್ಲಿ ಕೇಳಲು ಒಬ್ಬ ಮನುಷ್ಯ ಇರುತ್ತಾರೆ. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಸ್‌. ಆರ್‌. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ಟರು. ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಅನ್ನುವುದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಗ್ರಂಥಪಾಲಕರಿಗೆ ತರಬೇತಿ ಕೊಡುವ ಡಿಆರ್‌ಟಿಸಿ ಸಂಸ್ಥೆಯನ್ನು 1962ರಲ್ಲಿ ಇಲ್ಲೇ ಕಟ್ಟಿದರು. ನಿಮ್ಮ ಸಮಯವೂ ಉಳಿಯಬೇಕಲ್ಲ, ಆದ್ದರಿಂದ ಸಂಕೋಚ ಪಟ್ಟುಕೊಂಡು ಕಪಾಟಿನ ಮುಂದೆ ನಿಂತು ಹುಡುಕುತ್ತಾ ಇರಬೇಡಿ. ಬಂದು ಕೇಳಿ. ಹುಡುಕಿಕೊಡುವುದು ನಮ್ಮ ಕೆಲಸ.

ಊರಿನ ಗ್ರಂಥಾಲಯ ಯಾರಿಗೆ ಸೇರಿದ್ದು? ದುಡ್ಡು ಎಲ್ಲಿಂದ ಬರುತ್ತದೆ?

ನಿಮ್ಮಿಂದಲೇ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ತೆರಿಗೆ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರಕ್ಕೆ ಬೇರೆ ಸಾಲೇ ಇರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ.

ಬಾಗಿಲು ಸಮಯಕ್ಕೆ ತೆರೆಯದಿದ್ದರೆ, ಪತ್ರಿಕೆ ಬರದಿದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ರಸ್ತೆ, ನೀರು, ಬೀದಿದೀಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗ್ರಂಥಾಲಯದ ಬಗ್ಗೆ ಕೇಳುವವರು ಕಮ್ಮಿ. ಇಬ್ಬರು ಮೂವರು ಕೇಳಿದರೂ ವಿಷಯ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ.

ನನಗೆ ಬೇಕಾದ ಪುಸ್ತಕ ಇಲ್ಲಿ ಇಲ್ಲ. ಮುಂದೇನು?

ಮೊದಲು ಬೇಡಿಕೆ ಬರೆಸಿ. ಆಮೇಲೆ ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗುವ ಕೆಲಸ ಇದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ ಇದೆ.

ಪುಸ್ತಕ ಹಳೆಯದಾದರೆ ಮನೆಯಲ್ಲೇ ಓದಬಹುದು. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಬರಹದ ಮೇಲೆ ಹಕ್ಕುಸ್ವಾಮ್ಯ ಇರುವುದಿಲ್ಲ. ಅಂಥ ಸಾವಿರಾರು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್ ಅನ್ನುವ ಉಚಿತ ಜಾಲತಾಣದಲ್ಲಿ ಇವೆ. ಶಬ್ದದ ಅರ್ಥ ಬೇಕಾದರೆ ಅಲರ್ ಅನ್ನುವ ಆನ್‌ಲೈನ್ ನಿಘಂಟು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕೋಶ ಅದು. ಈಗ ಎಲ್ಲರಿಗೂ ಮುಕ್ತವಾಗಿದೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯ ಭಾರತವಾಣಿಯಲ್ಲೂ ಬೇರೆ ಬೇರೆ ಕೋಶಗಳು ಸಿಗುತ್ತವೆ.

ಪತ್ರಿಕೆಯಲ್ಲಿ ಬಂದಿದೆ ಅಂದರೆ ನಿಜ ತಾನೇ?

ಬಹಳ ಸಲ ನಿಜ. ಕನ್ನಡಿಗರಿಗೆ ಪತ್ರಿಕೆಯ ಮೇಲಿರುವ ನಂಬಿಕೆ ಹಳೆಯದು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಕಲ್ಲಚ್ಚಿನಲ್ಲಿ ಮುದ್ರಿಸಿ ತಿಂಗಳಿಗೆ ಎರಡು ಸಲ ಹಂಚುತ್ತಿದ್ದರು. ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ.

ಆದರೂ ಸುದ್ದಿ ಓದುವಾಗ ಸ್ವಲ್ಪ ಗಮನ ಬೇಕು. ಸುದ್ದಿಯ ಮೇಲೆ ಊರಿನ ಹೆಸರು ಇದೆಯಾ? ಇದ್ದರೆ ವರದಿ ಅಲ್ಲಿಂದ ಬಂದಿದೆ ಎಂದರ್ಥ. ಬರೆದವರ ಹೆಸರು ಇದೆಯಾ, ಸುದ್ದಿಸಂಸ್ಥೆಯದಾ? ಮಾತು ಯಾರದು, ಅಧಿಕಾರಿಯದಾ, ನೊಂದವರದಾ, ಅಥವಾ ‘ಮೂಲಗಳು ತಿಳಿಸಿವೆ’ ಅಂತ ಮಾತ್ರವಾ? ಇನ್ನು ‘ಜಾಹೀರಾತು’ ಅಂತ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ್ದು. ನೋಡಲು ಸುದ್ದಿಯ ಹಾಗೇ ಇರುತ್ತದೆ. ಹಬ್ಬದ ದಿನಗಳ ಪುರವಣಿಯಲ್ಲಿ ಇಂಥದ್ದು ಜಾಸ್ತಿ.

ದೊಡ್ಡ ವಿಷಯವಾದರೆ ಎರಡು ಪತ್ರಿಕೆ ಓದಿ. ಎರಡರಲ್ಲೂ ಒಂದೇ ಇರುವುದನ್ನು ಗಟ್ಟಿ ಅಂತ ಇಟ್ಟುಕೊಳ್ಳಿ. ಬೇರೆ ಬೇರೆ ಇರುವುದನ್ನು ನಾಳೆಯ ಪತ್ರಿಕೆಗೆ ಬಿಡಿ.

ರೈತರಿಗೆ ಉಪಯೋಗ ಆಗುವ ಪತ್ರಿಕೆ ಯಾವುದು?

ಇದಕ್ಕೆ ಉತ್ತರ ಹೇಳುವುದು ನನಗೆ ಇಷ್ಟ. ಕರಾವಳಿಯ ಪುತ್ತೂರಿನಲ್ಲಿ 1988ರಲ್ಲಿ ‘ಅಡಿಕೆ ಪತ್ರಿಕೆ’ ಶುರುವಾಯಿತು. ಶ್ರೀಪಡ್ರೆ ಅವರು ಮುನ್ನಡೆಸಿದ ಈ ಮಾಸಪತ್ರಿಕೆಯ ಧ್ಯೇಯ ಕೃಷಿಕರ ಕೈಗೆ ಲೇಖನಿ ಕೊಡುವುದು. ಅಂದರೆ ಓದುವವರೂ ರೈತರು, ಬರೆಯುವವರೂ ರೈತರು. ತೋಟದಲ್ಲಿ ಮಾಡಿ ನೋಡಿದ್ದನ್ನು ಮಾಡಿದವರೇ ಬರೆಯುತ್ತಾರೆ. ಇನ್ನೊಬ್ಬ ರೈತ ಅದನ್ನು ಓದಿ, ಫೋನ್ ಮಾಡಿ, ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರಬಹುದು.

ಇದು ಯಾಕೆ ಮುಖ್ಯ ಅಂದರೆ ಸಾಮಾನ್ಯವಾಗಿ ರೈತರ ತಿಳಿವಳಿಕೆ ಬಾಯಿಂದ ಬಾಯಿಗೆ ಹೋಗಿ ನಾಲ್ಕು ಊರು ದಾಟುವ ಮೊದಲೇ ನಿಂತುಬಿಡುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಡ್ಡ ಕೊರೆಯುವ ಸುರಂಗಗಳನ್ನೇ ನೋಡಿ. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಣ್ಣಿನ ಬಣ್ಣ, ಗುಡ್ಡದ ಮೇಲಿನ ಗಿಡಗಳನ್ನು ನೋಡಿ ಎಲ್ಲಿ ಕೊರೆಯಬೇಕು ಅಂತ ಹೇಳುವ ವಿದ್ಯೆಗೆ ಸರ್ಟಿಫಿಕೇಟು ಇಲ್ಲ. ಬರೆಯುವವರು ಯಾರೂ ಇಲ್ಲದಿದ್ದರೆ ಅದು ಆ ಗುಡ್ಡದಲ್ಲೇ ಉಳಿಯುತ್ತದೆ.

ವಾಟ್ಸಾಪ್‌ಗೆ ಬಂದದ್ದನ್ನು ಪರೀಕ್ಷೆ ಮಾಡುವುದು ಹೇಗೆ?

ಯಾಕೆ ಮಾಡಬೇಕು ಅನ್ನುವುದನ್ನು ಮೊದಲು ಹೇಳುತ್ತೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಿಡಿಯೊ ಸಮೇತ ವಾಟ್ಸಾಪ್ ಗುಂಪುಗಳಿಗೆ ಸುದ್ದಿ ಹೋಯಿತು. ಅವರ ಕಾರು ಮುರ್ಕಿ ಗ್ರಾಮ ತಲುಪುವ ಹೊತ್ತಿಗೆ ಅಲ್ಲಿ ಜನ ಸೇರಿದ್ದರು. ಒಬ್ಬ ಯುವ ಎಂಜಿನಿಯರ್ ಜೀವ ಹೋಯಿತು. ಫಾರ್ವರ್ಡ್ ಮಾಡಿದವರಲ್ಲಿ ಹೆಚ್ಚಿನವರು ತಮ್ಮ ಊರಿನ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತಲೇ ಅಂದುಕೊಂಡಿರಬೇಕು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಜಾಸ್ತಿ ಕಳಿಸದ ಹಾಗೆ ಮಿತಿ ಹಾಕಿತು.

ಈಗ ಮಾಡಬೇಕಾದ್ದು. ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದಿದೆ. ಕಳಿಸಿದವರು ನಿಮ್ಮ ಅಣ್ಣನೇ ಆಗಿರಬಹುದು, ಬರೆದವರು ಅಣ್ಣ ಅಲ್ಲ. ಸಂದೇಶದಲ್ಲಿ ಊರು, ತಾರೀಖು ಇದೆಯಾ ನೋಡಿ. ‘ನಿನ್ನೆ ರಾತ್ರಿ’ ಅಂತ ಇದ್ದರೆ ಯಾವ ನಿನ್ನೆ? ಫೋಟೊ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಎಷ್ಟೋ ಸಲ ಅದೇ ಫೋಟೊ ಬೇರೆ ರಾಜ್ಯದ, ಬೇರೆ ವರ್ಷದ ಸುದ್ದಿಯಲ್ಲಿ ಸಿಗುತ್ತದೆ. ಮಕ್ಕಳ ಕಳ್ಳರು, ಗಲಾಟೆ, ವಿಷದ ನೀರು ಇಂಥ ವಿಷಯವಾದರೆ ನೇರವಾಗಿ ಪೊಲೀಸ್ ಠಾಣೆಗೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಯೋಜನೆ ಅಂತ ಇದ್ದರೆ ಆ ಸರ್ಕಾರದ ಸುದ್ದಿ ಪ್ರಕಟಿಸುವ ಪಿಐಬಿಯ ಫ್ಯಾಕ್ಟ್ ಚೆಕ್ (ಸುದ್ದಿ ಪರಿಶೀಲನೆ) ವಿಭಾಗ ನೋಡಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಸುಮ್ನೆ ಫಾರ್ವರ್ಡ್ ಮಾಡದೆ ಬಿಡಿ.

ಎಐ ಹತ್ತಿರ ಕೇಳಿದರೆ ಸಾಲದಾ?

ಅರ್ಜಿಯ ಕರಡು ಬರೆಸಲು, ಇಂಗ್ಲಿಷ್ ಆದೇಶದ ಸಾರಾಂಶ ತಿಳಿಯಲು ಒಳ್ಳೆಯದು. ಊರಿನ ದೇವಸ್ಥಾನ, ಸ್ಥಳೀಯ ಗಿಡದ ಹೆಸರು, ಹಳೆಯ ಕನ್ನಡ ಪುಸ್ತಕ ಇಂಥದ್ದಕ್ಕೆ ನಂಬಬೇಡಿ. ಅದು ಕಲಿತಿರುವುದು ಬಹುಪಾಲು ಅಂತರ್ಜಾಲದಲ್ಲಿ ಇರುವ ಬರಹದಿಂದ. ಕನ್ನಡದ್ದು ಅಲ್ಲಿ ಕಮ್ಮಿ ಇದೆ ಅಂತ ಆಗಲೇ ಹೇಳಿದೆವು. ಗೊತ್ತಿಲ್ಲದ್ದನ್ನೂ ಗೊತ್ತಿರುವ ಧಾಟಿಯಲ್ಲೇ ಹೇಳುತ್ತದೆ. ಯಾವ ಪುಸ್ತಕ, ಯಾವ ಪುಟ ಅಂತ ಕೇಳಿ, ಆ ಪುಸ್ತಕ ತೆರೆದು ನೋಡಿ. ಅಲ್ಲಿ ಇಲ್ಲದಿದ್ದರೆ ಆ ಉತ್ತರ ಬಿಡಿ.

ರೇಡಿಯೊ ಈಗ ಯಾರು ಕೇಳುತ್ತಾರೆ?

ಹೊಲದಲ್ಲಿ ಕೆಲಸ ಮಾಡುವವರು, ಓದಲು ಬಾರದವರು, ಕಣ್ಣು ಮಂಜಾದವರು ಕೇಳುತ್ತಾರೆ. ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರು ಮಾಡಿ ‘ಆಕಾಶವಾಣಿ’ ಅಂತ ಕರೆದರು. ಆ ಹೆಸರೇ ಮುಂದೆ ದೇಶದ ಬಾನುಲಿಗೆ ಬಂತು.

ಈಗ ಗಮನಿಸಬೇಕಾದ್ದು ಸಮುದಾಯ ರೇಡಿಯೊ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಮೊದಲು ಕೇಬಲ್ ಮೂಲಕ ಮನೆ ಮನೆಗೆ ಕಾರ್ಯಕ್ರಮ ತಲುಪಿಸಿತು. ಸರಗೂರಿನ ‘ಜನಧ್ವನಿ’ ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಊರುಗಳನ್ನು ಮುಟ್ಟುತ್ತದೆ. ಅಕ್ಕಪಕ್ಕದ ಊರಿನವರ ದನಿ, ಅವರದೇ ಮಾತಿನ ಧಾಟಿ. ನಿಮ್ಮ ಭಾಗದಲ್ಲಿ ಇಂಥ ಕೇಂದ್ರ ಇದ್ದರೆ ನೀವೇ ಹೋಗಿ ಮಾತಾಡಬಹುದು.

ಅಜ್ಜ ಹೇಳಿದ್ದು ಕೂಡ ಮಾಹಿತಿನಾ? ಅದಕ್ಕೆ ಪುರಾವೆ ಏನಿದೆ?

ಮಾಹಿತಿಯೇ. ಪುರಾವೆ ಕೆಲವು ಸಲ ತಡವಾಗಿ ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಹೇಳುತ್ತೇವೆ, ಕೇಳಿ.

ಸೋಲಿಗರು ಹಿಂದೆಲ್ಲ ಬೇಸಿಗೆ ಜೋರಾಗುವ ಮೊದಲೇ ಕಾಡಿನ ನೆಲದ ಒಣ ಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದಕ್ಕೆ ಅವರು ತರಗು ಬೆಂಕಿ ಅನ್ನುತ್ತಾರೆ. ಹುಲ್ಲು ಎತ್ತರ ಬೆಳೆದಿರುವುದಿಲ್ಲ. ತರಗು ಮಾತ್ರ ಉರಿದು ಬೆಂಕಿ ನೆಲಮಟ್ಟದಲ್ಲೇ ಆರುತ್ತದೆ. 1970ರ ದಶಕದಲ್ಲಿ ಅಭಯಾರಣ್ಯ ಆಯಿತು, ಬೆಂಕಿ ನಿಂತಿತು. ಕಾಡಿಗೆ ಬೆಂಕಿ ಹಾಕುವವರು ಅನ್ನುವ ಮಾತೂ ಅವರ ಮೇಲೆ ಬಂತು. ಆಮೇಲೆ ಎರಡು ಬದಲಾವಣೆಗಳನ್ನು ಸೋಲಿಗರು ಗಮನಿಸಿದರು. ನೆಲದ ಮೇಲೆ ಲಂಟಾನ ಅನ್ನುವ ಕಳೆ ಹಬ್ಬಿತು. ನೆಲ್ಲಿ ಮರಗಳ ಮೇಲೆ ಉಪ್ಪಿಲು ಜಾಸ್ತಿಯಾಯಿತು. ಉಪ್ಪಿಲು ಅಂದರೆ ಮರದ ಕೊಂಬೆಯ ಮೇಲೆ ಕೂತು ಅದರ ಸಾರ ಹೀರುವ ಬಂದಳಿಕೆ. ಉಪ್ಪಿಲು ಹಿಡಿದ ಮರದಲ್ಲಿ ಕಾಯಿ ಕಮ್ಮಿ. ನೆಲ್ಲಿಕಾಯಿ ಆರಿಸಿ ಬದುಕುವವರಿಗೆ ಇದು ಬೇಗ ಕಣ್ಣಿಗೆ ಬಿತ್ತು.

ಬೆಂಕಿ ನಿಲ್ಲಿಸಿದ್ದೇ ಕಾರಣ ಅಂತ ಅವರು ಹೇಳುತ್ತಾ ಬಂದರು. ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಸಂಶೋಧಕರು ಅದೇ ಕಾಡಿನಲ್ಲಿ ಅಳತೆ ಮಾಡಿದಾಗ ಲಂಟಾನ ಹತ್ತು ವರ್ಷದಲ್ಲಿ ವಿಪರೀತ ಹಬ್ಬಿದ್ದು ಕಂಡಿತು. ಬೆಂಕಿ, ಕಳೆ, ಬಂದಳಿಕೆ ಇವುಗಳ ಸಂಬಂಧದ ಬಗ್ಗೆ ಸೋಲಿಗರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ಆ ಸಂಶೋಧಕರೇ ಪ್ರಬಂಧಗಳಲ್ಲಿ ಬರೆದರು. 2011ರಲ್ಲಿ ಅದೇ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕೂ ಸಿಕ್ಕಿತು.

ಎಲ್ಲ ಹಳೆಯ ಮಾತೂ ಸರಿ ಅಂತ ಇದರ ಅರ್ಥ ಅಲ್ಲ. ಒಂದೇ ಜಾಗದಲ್ಲಿ ತಲೆಮಾರುಗಟ್ಟಲೆ ನೋಡಿದವರ ಮಾತಿಗೆ ತೂಕ ಇರುತ್ತದೆ. ಕೆರೆಯ ತೂಬು ಎತ್ತುವ ನೀರುಗಂಟಿಗೆ ಯಾವ ಗದ್ದೆಗೆ ಎಷ್ಟು ಹೊತ್ತಿನ ನೀರು ಸಾಕು ಅಂತ ಗೊತ್ತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಯಾವ ತಾಯಿಮರದಿಂದ ಯಾವಾಗ ಬೀಜ ತೆಗೆಯಬೇಕು ಅನ್ನುವುದನ್ನು ಅರಣ್ಯ ಇಲಾಖೆಯ ನರ್ಸರಿಯವರೇ ಅವರ ಹತ್ತಿರ ಕೇಳುತ್ತಿದ್ದರು. ಆದರೆ ಅದೇ ಅಜ್ಜ ದೂರದ ದೇಶದ ಯುದ್ಧದ ಬಗ್ಗೆ ಹೇಳಿದರೆ ಅದು ಅವರೂ ಟಿವಿಯಲ್ಲಿ ನೋಡಿದ್ದು. ಯಾರಿಗೆ ಯಾವುದು ಗೊತ್ತಿರಲು ಸಾಧ್ಯ ಅಂತ ನೋಡಿ ಕೇಳಬೇಕು.

ಮಳೆ ನಕ್ಷತ್ರ ನಂಬಬೇಕಾ, ಹವಾಮಾನ ಇಲಾಖೆ ನಂಬಬೇಕಾ?

ಎರಡೂ ಬೇರೆ ಬೇರೆ ಕೆಲಸಕ್ಕೆ. ಮಳೆ ನಕ್ಷತ್ರ ರೈತರ ಕ್ಯಾಲೆಂಡರ್. ಒಂದೊಂದು ಮಳೆ 13–14 ದಿನ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ, ಜೂನ್ 22ರ ಹೊತ್ತಿಗೆ ಆರಿದ್ರ. ‘ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ’ ಅನ್ನುವ ಗಾದೆಯಲ್ಲಿ ಯಾವ ಹೊತ್ತಿನ ಮಳೆಗೆ ಯಾವ ಬೆಳೆ ಕೈಗೆ ಹತ್ತುತ್ತದೆ ಅನ್ನುವ ಅನುಭವ ಇದೆ. ಈ ವರ್ಷ ಆ ಮಳೆ ಬರುತ್ತದಾ ಇಲ್ಲವಾ ಅನ್ನುವುದನ್ನು ಅದು ಹೇಳುವುದಿಲ್ಲ.

ನಾಳೆ ನಾಡಿದ್ದು ಔಷಧಿ ಹೊಡೆಯಬಹುದಾ ಅಂತ ತಿಳಿಯಬೇಕಾದರೆ ಹವಾಮಾನ ಮುನ್ಸೂಚನೆಯೇ ಸರಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಅವರ ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ.

ನಾಟಿ ಔಷಧದ ಮಾಹಿತಿ ಎಲ್ಲಿ ಸಿಗುತ್ತದೆ?

ಗಿಡ ಗುರುತಿಸಲು ಪುಸ್ತಕಗಳಿವೆ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಔಷಧಿ ಸಸ್ಯಗಳ ದಾಖಲೆ ಮಾಡುತ್ತಿದೆ. ಆದರೆ ಪುಸ್ತಕ ಅಥವಾ ಯೂಟ್ಯೂಬ್ ನೋಡಿ ಸ್ವಂತಕ್ಕೆ ಔಷಧ ಮಾಡಿಕೊಳ್ಳಬೇಡಿ. ಒಂದೇ ಹೆಸರಿನಿಂದ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಗಿಡ ಕರೆಯುತ್ತಾರೆ. ಹಾವು ಕಚ್ಚಿದರೆ, ಕಾಮಾಲೆಯಾದರೆ ಮೊದಲು ಆಸ್ಪತ್ರೆ.

ಅಜ್ಜಿಯ ಹಾಡು, ಕಥೆ, ಅಡುಗೆ, ಕಾಡಿನ ತಿಳಿವಳಿಕೆ ದಾಖಲು ಮಾಡುವುದು ಹೇಗೆ?

ಬೇಗ ಮಾಡಿ. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ಹಾಲಕ್ಕಿ ಸಮುದಾಯದ ಅದೆಷ್ಟೋ ಹಾಡುಗಳು ಬಾಯಲ್ಲೇ ಇದ್ದವು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡುಗಳನ್ನು ಕೇಳಿ ಬರೆದುಕೊಂಡವರಿದ್ದರು. ನಿಮ್ಮ ಓಣಿಯ ಅಜ್ಜಿಯ ಹತ್ತಿರ ಯಾರು ಕೂತಿದ್ದಾರೆ?

ದೊಡ್ಡ ಯಂತ್ರ ಬೇಡ, ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಆರಿಸಿ, ಫೋನನ್ನು ಅವರ ಹತ್ತಿರ ಇಡಿ. ಶುರುವಿನಲ್ಲೇ ಅವರ ಹೆಸರು, ಊರು, ತಾರೀಖು ಹೇಳಿಸಿ. ಈ ಹಾಡು ಯಾರಿಂದ ಕಲಿತದ್ದು ಅಂತ ಕೇಳಿ. ‘ನಮ್ಮ ಅತ್ತೆ ನಾಟಿ ಹೊತ್ತಿಗೆ ಹೇಳ್ತಿದ್ರು’ ಅನ್ನುವ ಒಂದು ಮಾತು ಹಾಡಿನಷ್ಟೇ ಬೆಲೆಯುಳ್ಳದ್ದು. ಬರೆಯುವಾಗ ಮಾತು ತಿದ್ದಬೇಡಿ. ‘ಬತ್ತಾನೆ’ ಅಂದಿದ್ದರೆ ‘ಬತ್ತಾನೆ’ ಅಂತಲೇ ಬರೆಯಿರಿ. ಗಿಡದ ವಿಷಯವಾದರೆ ಅವರು ಕರೆಯುವ ಹೆಸರು ಬರೆದು ಎಲೆ, ಹೂ, ಕಾಯಿ ಮೂರರ ಫೋಟೊ ತೆಗೆಯಿರಿ. ಹೂ ಬಿಡುವ ಕಾಲದಲ್ಲಿ ಇನ್ನೊಮ್ಮೆ ಹೋಗಬೇಕಾಗುತ್ತದೆ.

ಮುಗಿದ ಮೇಲೆ ಅವರಿಗೇ ಕೇಳಿಸಿ. ಹೆಚ್ಚಿನವರು ಆಗ ಬಿಟ್ಟುಹೋದದ್ದನ್ನು ಸೇರಿಸುತ್ತಾರೆ. ಕೆಲವು ಹಾಡು ಮದುವೆಯಲ್ಲಿ ಮಾತ್ರ, ಕೆಲವು ಸಾವಿನ ಮನೆಯಲ್ಲಿ ಮಾತ್ರ ಹಾಡುವಂಥವು. ಹೊರಗೆ ಹಾಡಬಾರದು ಅಂದರೆ ಒತ್ತಾಯ ಮಾಡಬೇಡಿ. ಮುಖ್ಯವಾಗಿ, ಇದನ್ನು ಯಾರು ಯಾರು ಕೇಳಬಹುದು ಅಂತ ಅವರನ್ನೇ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯವರು ಮಾತ್ರವಾ, ಊರಿನವರಾ, ಎಲ್ಲರೂನಾ? ಯೂಟ್ಯೂಬ್‌ಗೆ ಹಾಕುವುದು ಬೇರೆಯೇ ಒಪ್ಪಿಗೆ. ಒಂದು ಪ್ರತಿ ಅವರ ಮನೆಗೆ, ಒಂದು ನಿಮಗೆ, ಒಂದು ಗ್ರಂಥಾಲಯಕ್ಕೆ.

ಹೊರಗಿನವರು ಬಂದು ನಮ್ಮ ಗಿಡಮೂಲಿಕೆ ವಿಷಯ ಕೇಳಿದರೆ ಹೇಳಬೇಕಾ?

ಯಾರು, ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ. ಅಮೆರಿಕದಲ್ಲಿ ಅರಿಸಿನದಿಂದ ಗಾಯ ಮಾಯುತ್ತದೆ ಅನ್ನುವುದಕ್ಕೇ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ತೋರಿಸಿ ವಾದ ಮಾಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬರಹದಲ್ಲಿ ಇದ್ದದ್ದರಿಂದ ಗೆದ್ದೆವು. ಬಾಯಲ್ಲಿ ಮಾತ್ರ ಇರುವ ತಿಳಿವಳಿಕೆಗೆ ಆ ರಕ್ಷಣೆ ಕಷ್ಟ.

ಅದಕ್ಕೇ 2002ರ ಜೀವವೈವಿಧ್ಯ ಕಾಯ್ದೆ ಬಂತು. ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರ ಜೊತೆ ಕೂತು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. 2020ರ ಜನವರಿ ಒಳಗೆ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ದಂಡ ಅಂತ ಹಸಿರು ನ್ಯಾಯಮಂಡಳಿ ಹೇಳಿತು. ದೇಶದ ಬಹಳ ಕಡೆ ಆ ಗಡುವಿಗೆ ಓಡೋಡಿ ಪುಸ್ತಕ ತುಂಬಿಸಿದರು. ಎಷ್ಟೋ ಊರಿನವರಿಗೆ ತಮ್ಮ ಹೆಸರಿನಲ್ಲಿ ಅಂಥದ್ದೊಂದು ಪುಸ್ತಕ ಇರುವುದೇ ಗೊತ್ತಿಲ್ಲ. ಪಂಚಾಯಿತಿಗೆ ಹೋಗಿ ತೋರಿಸಿ ಅಂತ ಕೇಳಿ. ತಪ್ಪಿದ್ದರೆ ತಿದ್ದಿಸಿ. ನಾಟಿ ವೈದ್ಯರ ಗುಟ್ಟಿನ ಪಾಕವನ್ನು ಅದರಲ್ಲಿ ಬಿಚ್ಚಿ ಬರೆಯಬೇಕಾಗಿಲ್ಲ.

ಮನೆಯಲ್ಲಿ ಓಲೆಗರಿ, ಹಳೆಯ ಕಡತ ಸಿಕ್ಕಿದೆ. ಏನು ಮಾಡಲಿ?

ಹೊಳೆಗೆ ಬಿಡಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ. ಓದಲು ಬಾರದ ಗರಿಗಳನ್ನು ಪುಣ್ಯ ಅಂತ ನೀರಿಗೆ ಬಿಟ್ಟ ಮನೆಗಳು ಬಹಳ.

ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ಓಲೆಗರಿ ಕಟ್ಟು ಕೊಟ್ಟರು. 1905ರಲ್ಲಿ ಅಲ್ಲಿನ ಆರ್‌. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿದಾಗ ಸಿಕ್ಕಿದ್ದು ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಎಲ್ಲರಿಗೂ ಗೊತ್ತಿತ್ತು, ಗ್ರಂಥ ಕಳೆದೇ ಹೋಗಿದೆ ಅಂತ ತಿಳಿದಿದ್ದರು. 1909ರಲ್ಲಿ ಅದು ಅಚ್ಚಾಯಿತು. ಆ ಪಂಡಿತರು ಕೊಡದಿದ್ದರೆ?

ನಿಮ್ಮ ಕಟ್ಟಿನಲ್ಲಿ ಮನೆಯ ಲೆಕ್ಕವೇ ಇರಬಹುದು, ಅದಕ್ಕೂ ಬೆಲೆ ಇದೆ. ಕನ್ನಡ ಅಕ್ಷರ ಕಾಣದಿದ್ದರೆ ಬೇಸರ ಬೇಡ. ಕರಾವಳಿ, ಮಲೆನಾಡಿನಲ್ಲಿ ತಿಗಳಾರಿ ಲಿಪಿ, ಉತ್ತರ ಕರ್ನಾಟಕದಲ್ಲಿ ಮೋಡಿ ಲಿಪಿ ಇರಬಹುದು. ಕಪ್ಪು ಬಟ್ಟೆಯ ಮಡಿಕೆ ಪುಸ್ತಕವಾದರೆ ಅದು ಹಳೆಯ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಬಳಪದಲ್ಲಿ ಬರೆದದ್ದು. ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರವೇ ಹೋಗುತ್ತದೆ. ಗರಿಗಳನ್ನು ಬಲವಾಗಿ ಬಿಡಿಸಬೇಡಿ, ಅಡುಗೆ ಎಣ್ಣೆ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಲೆ, ಬಚ್ಚಲಿಂದ ದೂರ ಇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರಿಗೆ ಫೋಟೊ ಕಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡುತ್ತೀರಾ ಅಂತ ಕೇಳಿ.

ನಮ್ಮ ಊರಿನ, ನಮ್ಮ ಮನೆತನದ ಇತಿಹಾಸ ಎಲ್ಲಿ ಹುಡುಕಲಿ?

ಊರಿನದ್ದಾದರೆ ಬಿ. ಎಲ್‌. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟ ನೋಡಿ. ಹಳೆ ಮೈಸೂರು ಭಾಗದ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಇವೆ. ನಿಮ್ಮ ಊರ ವೀರಗಲ್ಲಿನ ಪಾಠವೂ ಇರಬಹುದು. ಜಮೀನಿನ ಚರಿತ್ರೆಗೆ ತಾಲ್ಲೂಕು ಕಚೇರಿಯ ದಾಖಲೆಗಳು, ಸರ್ಕಾರಿ ಕಾಗದಕ್ಕೆ ರಾಜ್ಯ ಪತ್ರಾಗಾರ.

ಮನೆತನದ್ದಾದರೆ ಹೆಳವರನ್ನು ಕಾಯಿರಿ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಅವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ನಿಮ್ಮ ಮುತ್ತಜ್ಜನ ಅಪ್ಪನಿಂದ ಹಿಡಿದು ಯಾರು ಯಾವ ಊರಿನಿಂದ ಬಂದರು, ಎಷ್ಟು ಜನ ಮಕ್ಕಳು ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಕಾಳು ಕೊಟ್ಟು ಕಳಿಸುವ ಮೊದಲು ಕೂರಿಸಿ ಬರೆದುಕೊಳ್ಳಿ. ಆಮೇಲೆ ಅದನ್ನು ಹಳೆಯ ಪಹಣಿ, ಶಾಲೆಯ ದಾಖಲಾತಿ ರಿಜಿಸ್ಟರ್ ಜೊತೆ ಹೋಲಿಸಿ. ಹೆಸರು ತಾಳೆಯಾಗುವ ಕಡೆ ಎರಡಕ್ಕೂ ಬಲ ಬರುತ್ತದೆ.

ಸರ್ಕಾರಿ ಕಚೇರಿಯಲ್ಲಿ ಮಾಹಿತಿ ಕೊಡುತ್ತಿಲ್ಲ. ದಾರಿ ಇದೆಯಾ?

ಇದೆ. ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಬಿಳಿ ಹಾಳೆಯಲ್ಲಿ ಬರೆದು 10 ರೂಪಾಯಿ ಶುಲ್ಕ ಕಟ್ಟಿ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ‘ಯಾಕೆ ಮಾಡಿಲ್ಲ’ ಅಂತ ಕೇಳಬೇಡಿ, ‘ಈ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಬಿಲ್ಲಿನ ಪ್ರತಿ ಕೊಡಿ’ ಅಂತ ಕೇಳಿ. ಕಾಯ್ದೆ ಕೊಡಿಸುವುದು ಕಾಗದವನ್ನು.

ನಾನು ಗ್ರಂಥಾಲಯಕ್ಕೆ ಏನು ಕೊಡಬಹುದು?

ಹಳೆಯ ಗೈಡು, ಹರಿದ ಪಠ್ಯಪುಸ್ತಕ ಬೇಡ, ಇಡಲು ಜಾಗ ಇಲ್ಲ. ಊರಿಗೆ ಸಂಬಂಧಪಟ್ಟ ಯಾವುದೇ ಕಾಗದ ಕೊಡಿ. ಜಾತ್ರೆಯ ಕರಪತ್ರ, ನಾಟಕದ ಹ್ಯಾಂಡ್‌ಬಿಲ್, ಹಳೆಯ ಗುಂಪು ಫೋಟೊ, ಡೈರಿ ಸಂಘದ ವರದಿ. ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಯಾರು ಯಾರು ಅಂತ ಬರೆದು ತನ್ನಿ. ಗುರುತು ಹಿಡಿಯುವವರು ಇನ್ನೂ ಇದ್ದಾಗಲೇ ಅವರನ್ನು ಕೇಳಿ ಬರೆಯಬೇಕು. ಮೂಲ ಕೊಡಲು ಇಷ್ಟ ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಲ್ಲೇ ವಾಪಸ್ ಕೊಡುತ್ತೇವೆ.